ತನ್ನ ಬೆಸುಗೆಯನ್ನು ತಾನೇ ಕತ್ತರಿಸಿದವರು

ಕಾಕನ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ಹುಟ್ಟುವಾಗ ಇದ್ದಿರಬೇಕು. ನಾನು ನೋಡುವ ಹೊತ್ತಿಗೆ ಅದು ಹುಣಸೆಬೀಜದ ಹಾಗೆ ನುಣ್ಣಗಾಗಿ ಹೊಳೆಯುತ್ತಿತ್ತು. ವಯರು ಬೆಸೆಯಲು ಕರಗಿಸಿದ ಸೋಲ್ಡರನ್ನು ಬರಿಬೆರಳಿನಿಂದ ಒರೆಸುವ ಚಾಳಿ ಅವರದು. ಬಟ್ಟೆ ಕೊಡಲು ಹೋದರೆ, "ಬಟ್ಟೆಗೆ ಎಂತ ಗೊತ್ತುಂಟು? ಬಿಸಿ ಎಷ್ಟು ಅಂತ ಬೆರಳೇ ಹೇಳಬೇಕು" ಎನ್ನುತ್ತಿದ್ದರು. ಹಾಗೆ ಒರೆಸಿ ಒರೆಸಿ ಗೆರೆಗಳೆಲ್ಲ ಸುಟ್ಟುಹೋಗಿದ್ದವು. ರೇಷನ್ ಅಂಗಡಿಗೆ ಹೆಬ್ಬೆಟ್ಟಿನ ಯಂತ್ರ ಬಂದ ಮೇಲೆ ಇದೊಂದು ಫಜೀತಿಯಾಯಿತು. ಕಾಕ ಬೆರಳಿಟ್ಟರೆ ಯಂತ್ರ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತಿತ್ತು. ಅಕ್ಕಿಗೆ ಹೆಂಡತಿಯನ್ನೇ ಕಳಿಸಬೇಕು. "ಸರಕಾರದ ಮಟ್ಟಿಗೆ ನಾನು ಹುಟ್ಟಲೇ ಇಲ್ಲ ಮಾರಾಯ" ಎಂದು ಎಲ್ಲರೆದುರು ಬೆರಳನ್ನು ಎತ್ತಿ ತೋರಿಸುತ್ತಿದ್ದರು. ಅದರಲ್ಲಿ ಬೇಸರ ಇರಲಿಲ್ಲ, ಶುದ್ಧ ಜಂಬ.

ಜಂಬಕ್ಕೆ ಕಾರಣವೂ ಇತ್ತು. ಪಾಣೆಮಂಗಳೂರಿನಲ್ಲಿ, ನೇತ್ರಾವತಿಯ ಕಡೆಗೆ ಇಳಿಯುವ ರಸ್ತೆಯ ಬದಿಗೆ, ಹಿಟ್ಟಿನ ಗಿರಣಿಯ ಗೋಡೆಗೆ ಒರಗಿಕೊಂಡಂತೆ ಅವರ ಅಂಗಡಿ. ಬೋರ್ಡು ಗೀರ್ಡು ಇಲ್ಲ. ವಯರಿಂಗ್ ಕಾಕ ಎಂದರೆ ಬಂಟ್ವಾಳದಿಂದ ಮೂಡುಬಿದಿರೆಯ ತನಕ ಯಾವ ಡ್ರೈವರೂ ದಾರಿ ತೋರಿಸುತ್ತಿದ್ದ. ಬಸ್ಸು, ಲಾರಿ, ಜೀಪು, ರಿಕ್ಷಾ, ಯಾವುದರ ವಯರಿಂಗ್ ಕೆಟ್ಟರೂ ಅಲ್ಲಿಗೇ. ನಾನು ಬೆಳ್ತಂಗಡಿಯಲ್ಲಿ ಆಂಬ್ಯುಲೆನ್ಸ್ ಓಡಿಸುವವನು, ಗಾಡಿ ನನ್ನದೇ. ನಮ್ಮ ಊರಲ್ಲಿ ವಯರಿಂಗಿನವರು ಇರಲಿಲ್ಲವೆಂದಲ್ಲ. ಆದರೆ ಕಾಕನ ಬೆಸುಗೆ ನೋಡಿದ ಮೇಲೆ ಬೇರೆಯವರ ಕೈಗೆ ಗಾಡಿ ಕೊಡಲು ಮನಸ್ಸು ಬರುತ್ತಿರಲಿಲ್ಲ. ಅವರ ಮನೆಮಾತು ಬ್ಯಾರಿ, ನನ್ನದು ತುಳು. ನಾವು ಮಾತಾಡುತ್ತಿದ್ದದ್ದೆಲ್ಲ ತುಳುವಿನಲ್ಲೇ, ಬೈಗುಳವೂ ಸೇರಿ.

ಅವರು ಬೆಸುಗೆ ಹಾಕುವುದನ್ನು ನೋಡಬೇಕಿತ್ತು. ತಾಮ್ರದ ಎಳೆಗಳನ್ನು ಬೆರಳಲ್ಲಿ ಹೊಸೆದು, ರಾಳದ ತುಂಡಿಗೆ ಕಾದ ಬೆಸುಗೆ ಕಡ್ಡಿಯನ್ನು ಮುಟ್ಟಿಸಿದರೆ ಘಮ್ಮೆಂದು ಹೊಗೆ ಏಳುತ್ತಿತ್ತು. ಸೋಲ್ಡರ್ ಎಳೆಗಳ ಸಂದಿಯೊಳಗೆ ತಾನಾಗಿ ಹರಿದು ಹೋಗುವುದು ಕಣ್ಣಿಗೆ ಕಾಣುತ್ತಿತ್ತು. ಆಮೇಲೆ ಕಾಕ ಉಸಿರು ಹಿಡಿದು ನಿಲ್ಲುತ್ತಿದ್ದರು. ಕೈ ಅಲ್ಲಾಡುವಂತಿಲ್ಲ, ಬಾಯಿಂದ ಊದುವಂತಿಲ್ಲ. ಅಂಗಡಿಯೊಳಗೆ ಕೂತ ನಾವೂ ಏನೋ ಪೂಜೆ ನೋಡುವವರಂತೆ ಮಾತು ನಿಲ್ಲಿಸುತ್ತಿದ್ದೆವು. ಒಮ್ಮೆ ಒಬ್ಬ ಲಾರಿ ಡ್ರೈವರ್ ಸಹಾಯ ಮಾಡುವ ಉಮೇದಿನಲ್ಲಿ ಉಫ್ ಎಂದು ಊದಿಬಿಟ್ಟ. ಕಾಕ ಆ ಜೋಡಣೆಯನ್ನು ಕತ್ತರಿಸಿ ಬಿಸಾಡಿ, "ಇದೇನು ಬಿಸಿ ಚಾಯವಾ ನಿನಗೆ?" ಎಂದು ಅವನನ್ನು ಹೊರಗೆ ಕೂರಿಸಿದರು. ಆರಿದ ಬೆಸುಗೆ ಕನ್ನಡಿಯಂತೆ ಇರುತ್ತಿತ್ತು. ನನ್ನ ಮುಖವನ್ನು ನಾನೇ ಅದರಲ್ಲಿ ನೋಡಿದ್ದೇನೆ, ಉತ್ಪ್ರೇಕ್ಷೆ ಅಲ್ಲ.

ಇನ್ನೊಂದು ವಿದ್ಯೆ ಅವರದು. ಅಂಗಡಿಯಲ್ಲಿ ಬೆನ್ನು ತಿರುಗಿಸಿ ಕೂತಿದ್ದರೂ, ರಸ್ತೆಯಲ್ಲಿ ಹಾರ್ನ್ ಕೇಳಿದರೆ ಸಾಕು, ಯಾವ ಗಾಡಿ ಎಂದು ಹೇಳುತ್ತಿದ್ದರು. "ಅದು ಮೂಡುಬಿದಿರೆ ಬಸ್ಸು. ಬಲದ ಹಾರ್ನಿಗೆ ನೆಗಡಿ ಆಗಿದೆ, ನಾಳೆ ಬರ್ತಾನೆ ನೋಡು." ಮರುದಿನ ಬಸ್ಸು ಬಂದೇ ಬರುತ್ತಿತ್ತು. ತಾನು ವಯರ್ ಎಳೆದ ಗಾಡಿಗಳ ಸ್ವರವೆಲ್ಲ ಅವರ ಕಿವಿಯಲ್ಲಿ ಇತ್ತು. ನಾನು ನೇತ್ರಾವತಿಯ ಸೇತುವೆ ದಾಟುವಾಗ ಬೇಕೆಂದೇ ಒಂದು ಸಲ ಹಾರ್ನ್ ಒತ್ತುತ್ತಿದ್ದೆ. ಕಾಕ ಒಳಗಿನಿಂದಲೇ ಒಂದು ಕೈ ಎತ್ತುತ್ತಿದ್ದರು.

ಅವರ ಮಗಳ ಗಂಡ ಗಲ್ಫಿನಲ್ಲಿ ಹಡಗು ರಿಪೇರಿ ಮಾಡುವ ಕಡೆ ದುಡಿದವನು. ಊರಿಗೆ ವಾಪಸಾಗಿ ಮಾವನ ಜೊತೆ ಅಂಗಡಿಯಲ್ಲಿ ಕೂರುವುದು ಎಂದು ತೀರ್ಮಾನವಾದಾಗ, ಬರುವಾಗ ಒಂದು ಕ್ರಿಂಪಿಂಗ್ ಟೂಲ್ ತಂದ. ಎರಡು ಉದ್ದ ಹಿಡಿಗಳ ದೊಡ್ಡ ಇಕ್ಕಳದಂಥದು. ವಯರಿನ ತುದಿಗೆ ತಾಮ್ರದ ಕೊಳವೆಯಂಥ ಲಗ್ಗು ಸಿಕ್ಕಿಸಿ, ಅದರ ಬಾಯಿಗೆ ಕೊಟ್ಟು, ಎರಡು ಕೈಯಲ್ಲಿ ಒತ್ತಿದರೆ ಲಗ್ಗು ಅಪ್ಪಚ್ಚಿಯಾಗಿ ವಯರನ್ನು ಕಚ್ಚಿಕೊಳ್ಳುತ್ತದೆ. ಬೆಂಕಿ ಬೇಡ, ರಾಳ ಬೇಡ, ಉಸಿರು ಹಿಡಿಯುವುದು ಬೇಡ.

"ಮಾವ, ಹಡಗಿನ ಎಂಜಿನ್ ಹತ್ತಿರ ಸೋಲ್ಡರ್ ಮುಟ್ಟಲಿಕ್ಕೇ ಬಿಡುವುದಿಲ್ಲ. ಎಲ್ಲ ಇದರಲ್ಲೇ" ಎಂದು ಅಳಿಯ ಒಂದನ್ನು ಒತ್ತಿ ತೋರಿಸಿದ. ನಾನೂ ಅಲ್ಲೇ ಇದ್ದೆ.

ಕಾಕ ಅದನ್ನು ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿದರು. "ಇದು ಜೋಡಣೆಯಾ? ಲಿಂಬೆಹುಳಿ ಹಿಂಡಿದ ಹಾಗೆ ಹಿಂಡಿದ್ದೀ. ಇದಕ್ಕೆ ಕೈ ಬೇಡ, ತೋಳು ಸಾಕು. ತೋಳು ಕೋಣಕ್ಕೂ ಉಂಟು."

ಅಳಿಯ ಒಳ್ಳೆಯ ಸ್ವಭಾವದವನು, ನಕ್ಕುಬಿಟ್ಟ. ಟೂಲು ಹಿಂದಿನ ಶೆಲ್ಫಿನಲ್ಲಿ ಹಳೆಯ ಡೈನಮೋಗಳ ಜೊತೆ ಮಲಗಿತು. ನಾನು ಕಾಕನ ಪಕ್ಷ ಹಿಡಿದು, "ಕಾಕನ ಬೆಸುಗೆ ಬಿಟ್ಟದ್ದು ಉಂಟಾ ಭೂಮಿಯಲ್ಲಿ!" ಎಂದು ಒಗ್ಗರಣೆ ಹಾಕಿದ್ದೂ ನೆನಪಿದೆ.

ನನ್ನ ಗಾಡಿಯ ಒಳಗೆ, ರೋಗಿ ಮಲಗುವ ಬೆಂಚಿನ ಕೆಳಗೆ, ಬೇರೆಯೇ ಒಂದು ಬ್ಯಾಟರಿ ಇದೆ. ಅದರಿಂದ ಹೆಬ್ಬೆರಳು ದಪ್ಪದ ಕೆಂಪು ವಯರು ಬೆಂಚಿನ ಪಕ್ಕದ ಗೋಡೆಯ ಮೇಲೆ ಹತ್ತಿ ಇನ್ವರ್ಟರಿಗೆ ಹೋಗುತ್ತದೆ. ಆಮ್ಲಜನಕದ ಯಂತ್ರ, ಕಫ ಎಳೆಯುವ ಯಂತ್ರ, ಎಲ್ಲಕ್ಕೂ ಕರೆಂಟು ಅಲ್ಲಿಂದಲೇ. ಆ ವಯರಿನ ಲಗ್ಗಿಗೆ ಬೆಸುಗೆ ಹಾಕಿದವರು ಕಾಕ. ಲಗ್ಗಿನ ಕೊಳವೆಯ ತುಂಬ ಸೋಲ್ಡರ್ ಕರಗಿಸಿ, ವಯರನ್ನು ಅದ್ದಿ, ಆರಿದ ಮೇಲೆ ಕಪ್ಪು ರಬ್ಬರ್ ಕವಚ ಹಾಕಿ ಮುಚ್ಚಿ, "ಗಾಡಿ ತುಕ್ಕು ಹಿಡಿದು ಹೋದರೂ ಇದು ಹೋಗುವುದಿಲ್ಲ" ಎಂದಿದ್ದರು.

ಒಂದು ಮಳೆಗಾಲದ ಬೆಳಗ್ಗೆ ಬೆಳ್ತಂಗಡಿಯ ಒಂದು ಆಸ್ಪತ್ರೆಯಿಂದ ಮಗುವೊಂದನ್ನು ಮಂಗಳೂರಿಗೆ ಒಯ್ಯಬೇಕಾಯಿತು. ದಿನ ತುಂಬುವ ಮೊದಲೇ ಹುಟ್ಟಿದ ಹೆಣ್ಣುಮಗು. ಅಂಗೈಯಲ್ಲಿ ಹಿಡಿಸುವಷ್ಟು ಇತ್ತು, ನೋಡಲು ನನಗೆ ಹೆದರಿಕೆಯಾಯಿತು. ಅದನ್ನು ಬೆಚ್ಚಗಿಡುವ ಗಾಜಿನ ಪೆಟ್ಟಿಗೆಯನ್ನು ನಮ್ಮ ಇನ್ವರ್ಟರಿಗೆ ಜೋಡಿಸಿದರು. ಹಿಂದೆ ಒಬ್ಬರು ನರ್ಸು, ಮಗುವಿನ ಅಜ್ಜಿ. ತಾಯಿ ಇನ್ನೂ ಹಾಸಿಗೆಯಲ್ಲೇ.

ಪುಂಜಾಲಕಟ್ಟೆಯ ಹತ್ತಿರ ರಸ್ತೆ ಅಗಲ ಮಾಡುವ ಕೆಲಸ ನಡೆಯುತ್ತಿತ್ತು. ಜಲ್ಲಿ ಎದ್ದು ಹೋಗಿ ಗಾಡಿ ತೊಟ್ಟಿಲಾಗಿತ್ತು. ಅಲ್ಲಿ ಇನ್ವರ್ಟರ್ ಕುಂಯ್ ಎಂದಿತು. ಮತ್ತೊಂದು ಗುಂಡಿ, ಮತ್ತೊಮ್ಮೆ ಕುಂಯ್. ಆಮೇಲೆ ಸದ್ದೇ ಇಲ್ಲ. ಸೈರನ್ನಿನ ವಯರು ಬೇರೆ, ಅದು ಮಾತ್ರ ಕೂಗುತ್ತಲೇ ಇತ್ತು.

"ಅಣ್ಣಾ, ಪೆಟ್ಟಿಗೆ ಬಂದ್ ಆಯ್ತು!" ಎಂದರು ನರ್ಸು.

ಗಾಡಿ ಬದಿಗೆ ಹಾಕಿ ಹಿಂದೆ ಓಡಿದೆ. ಫ್ಯೂಸ್ ಸರಿ ಇತ್ತು. ಬ್ಯಾಟರಿಯ ನಟ್ಟು ಬಿಗಿ ಇತ್ತು. ಲಗ್ಗು ಅದರ ಜಾಗದಲ್ಲೇ ಇತ್ತು. ಗಾಜಿನ ಮೇಲೆ ಕೈಯಿಟ್ಟ ನರ್ಸು, "ತಣಿಯುತ್ತಾ ಉಂಟು" ಎಂದರು. ಹೊರಗೆ ಮಳೆಗಾಳಿ. ಆಗ ಆ ಅಜ್ಜಿ ಯಾರನ್ನೂ ಕೇಳದೆ ನನಗೆ ಬೆನ್ನು ತಿರುಗಿಸಿ, ರವಿಕೆಯ ಗುಂಡಿ ಬಿಚ್ಚಿ, "ಕೊಡಿ ಇಲ್ಲಿ" ಎಂದು ಮಗುವನ್ನು ಎದೆಗೆ ಒತ್ತಿಕೊಂಡು ಸೆರಗು ಮುಚ್ಚಿದರು. ನರ್ಸು ಅದರ ಮೇಲೆ ಕಂಬಳಿ ಸುತ್ತಿದರು. ನಾನು ಕಾಕನಿಗೆ ಫೋನ್ ಮಾಡಿದೆ.

"ವಯರುಗಳನ್ನು ಒಂದೊಂದಾಗಿ ಎಳೆದು ನೋಡು" ಎಂದರು ಕಾಕ.

"ಕೆಂಪು ವಯರು ನೀವೇ ಹಾಕಿದ್ದು ಕಾಕ. ಅದಕ್ಕೆ ಎಂತ ಆಗ್ತದೆ?"

"ಎಳೆ ಅಂದೆನಲ್ಲ ಮಾರಾಯ!"

ಎಳೆದೆ. ಕೆಂಪು ವಯರು ನನ್ನ ಕೈಗೆ ಬಂತು. ಲಗ್ಗು, ಅದರೊಳಗಿನ ಹೊಳೆಯುವ ಬೆಸುಗೆ ಬ್ಯಾಟರಿಯಲ್ಲೇ ಉಳಿದುಕೊಂಡಿತ್ತು. ಬೆಸುಗೆ ಎಲ್ಲಿ ಮುಗಿದಿತ್ತೋ ಸರಿಯಾಗಿ ಅಲ್ಲಿಗೇ ವಯರು ತುಂಡಾಗಿತ್ತು. ಹೇಳಿದೆ. ಕಾಕ ನಿಧಾನವಾಗಿ, ಮಗುವಿಗೆ ಅಕ್ಷರ ಹೇಳಿಕೊಡುವವರಂತೆ ಹೇಳಿದರು. "ಮೊದಲು ಇನ್ವರ್ಟರ್ ಆಫ್ ಮಾಡು. ನಟ್ಟು ಬಿಚ್ಚಿ ಲಗ್ಗು ತೆಗೆ. ವಯರಿನ ಸಿಪ್ಪೆ ತೆಗೆ. ಬತ್ತಲೆ ತಾಮ್ರವನ್ನು ಬೋಲ್ಟಿನ ಸುತ್ತ ಒಂದು ಸುತ್ತು ಹಾಕು. ಮೇಲೆ ವಾಷರ್ ಇಟ್ಟು ನಟ್ಟು ಬಿಗಿ. ಗಡಿಬಿಡಿ ಮಾಡಬೇಡ, ಕೈ ನಡುಗಿದರೆ ಒಮ್ಮೆ ನಿಲ್ಲು." ನಾನು ಹಾಗೇ ಮಾಡಿದೆ. ಇನ್ವರ್ಟರಿನ ಹಸಿರು ದೀಪ ಹೊತ್ತಿತು.

ಆದರೂ ಅಜ್ಜಿ ಮಗುವನ್ನು ಕೊಡಲಿಲ್ಲ. "ನಿಮ್ಮ ಪೆಟ್ಟಿಗೆಯನ್ನು ನಂಬಲಿಕ್ಕೆ ಆಗುವುದಿಲ್ಲ, ನೀವು ಗಾಡಿ ಬಿಡಿ" ಎಂದರು. ಮಂಗಳೂರಿನ ತನಕ ಮಗು ಅಲ್ಲೇ ಇತ್ತು. ಬದುಕಿತು. ಈಗ ಶಾಲೆಗೆ ಹೋಗುತ್ತದೆ, ಸಿಕ್ಕಾಪಟ್ಟೆ ಮಾತಾಡುತ್ತದೆ.

ವಾಪಸು ಬರುವಾಗ ನಾನು ಕಾಕನ ಅಂಗಡಿಗೆ ಹೋದದ್ದು ಬೈಯುವುದಕ್ಕೆಂದೇ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಲಗ್ಗನ್ನು ಮೇಜಿನ ಮೇಲೆ ಟಣ್ ಎಂದು ಬಿಸಾಡಿದೆ.

"ಮಗು ಹೇಗುಂಟು?" ಎಂದರು ಕಾಕ.

"ಉಂಟು."

ಅವರು ಕನ್ನಡಕ ಹಾಕಿಕೊಂಡು ಕಪ್ಪು ಕವಚವನ್ನು ಬ್ಲೇಡಿನಿಂದ ಸೀಳಿದರು. ತುಂಡಾದ ಎಳೆಗಳನ್ನು ಸೂಜಿಯಿಂದ ಬಿಡಿಸಿದರು. ನನ್ನನ್ನೂ ಹತ್ತಿರ ಕರೆದು ತೋರಿಸಿದರು. ಹಲವು ಎಳೆಗಳ ತುದಿ ಕಪ್ಪಗಾಗಿತ್ತು. ಕೆಲವು ಮಾತ್ರ ಹೊಸದಾಗಿ ಹೊಳೆಯುತ್ತಿದ್ದವು. "ಇದು ಇವತ್ತು ತುಂಡಾದದ್ದಲ್ಲ. ದಿನಾ ಒಂದೊಂದು ಎಳೆ ಹೋಗಿದೆ. ಉಳಿದದ್ದರ ಮೇಲೆ ನೀನು ಗಾಡಿ ಓಡಿಸಿದ್ದೀ."

ರಸ್ತೆಯನ್ನು ಬೈಯುತ್ತಾರೆ, ನನ್ನ ಡ್ರೈವಿಂಗನ್ನು ಬೈಯುತ್ತಾರೆ, ವಯರ್ ಕಂಪೆನಿಯನ್ನು ಬೈಯುತ್ತಾರೆ ಎಂದು ಕಾದೆ. ಯಾವುದಾದರೂ ಒಂದನ್ನು ಬೈದಿದ್ದರೆ ನನಗೂ ಜಗಳಕ್ಕೆ ಒಂದು ಹಿಡಿ ಸಿಗುತ್ತಿತ್ತು. ಕಾಕ ಹೇಳಿದ್ದು ಇಷ್ಟು: "ನನ್ನ ಸೋಲ್ಡರ್ ಬಿಡಲಿಲ್ಲ. ಅದು ವಯರಿನ ಒಳಗೆ ಹರಿದು ಅದನ್ನು ಕಬ್ಬಿಣದ ಸರಳಿನ ಹಾಗೆ ಬಿರುಸು ಮಾಡಿದೆ. ಸರಳು ಮುಗಿದ ಕಡೆ ವಯರು ಕುಲುಕಿ ಕುಲುಕಿ ತುಂಡಾಗಿದೆ. ತಪ್ಪು ವಯರಿನದ್ದಲ್ಲ." ನಾನು ಬೈಯಲು ಬಂದದ್ದನ್ನು ಬಿಟ್ಟು ಸ್ಟೂಲು ಎಳೆದುಕೊಂಡು ಕೂತೆ.

ಆದರೆ ಕಾಕ ಅಷ್ಟು ಸುಲಭಕ್ಕೆ ಸೋಲುವ ಆಸಾಮಿಯೂ ಅಲ್ಲ. ಬೆಸುಗೆ ತಪ್ಪು ಎಂದರೆ ಹಿಂಡಿದ್ದು ಸರಿ ಎಂದಾಗುವುದಿಲ್ಲವಲ್ಲ. ಪಕ್ಕದ ಹಿಟ್ಟಿನ ಗಿರಣಿಯ ಮೋಟಾರು ಹಗಲಿಡೀ ಅದುರುತ್ತದೆ, ಅದರ ಅದುರಿಗೆ ಕಾಕನ ಗೋಡೆಯ ಕ್ಯಾಲೆಂಡರೂ ಕುಣಿಯುತ್ತದೆ. ಗಿರಣಿಯವರ ಅಪ್ಪಣೆ ಪಡೆದು ಆ ಮೋಟಾರಿನ ಬೆನ್ನಿಗೆ ಎರಡು ವಯರುಗಳನ್ನು ಕಟ್ಟಿದರು. ಒಂದು ತನ್ನ ಅತ್ಯುತ್ತಮ ಬೆಸುಗೆಯದು. ಇನ್ನೊಂದು, ಶೆಲ್ಫಿನಿಂದ ಟೂಲು ಇಳಿಸಿ ಧೂಳು ಒರೆಸಿ ತಾನೇ ಒತ್ತಿದ್ದು. ಎರಡರ ತುದಿಗೂ ಭಾರಕ್ಕೆ ಒಂದೊಂದು ಹಳೆಯ ಬೇರಿಂಗ್. ಅಕ್ಕಿ ಹಿಟ್ಟಿಗೆ ಬಂದ ಹೆಂಗಸರು, "ಇದೆಂತ ಕಾಕ, ಮೋಟಾರಿಗೆ ದೃಷ್ಟಿ ತೆಗೆದದ್ದಾ?" ಎಂದು ನಗುತ್ತಿದ್ದರು.

ಬೆಸುಗೆಯದ್ದು ಮೊದಲು ತುಂಡಾಗಿ ಬಿತ್ತು, ಅದೇ ಜಾಗದಲ್ಲಿ. ಆದರೆ ಸ್ವಲ್ಪ ದಿನದಲ್ಲಿ ಒತ್ತಿದ ಲಗ್ಗೂ ಸಡಿಲವಾಗಿ ಕಳಚಿ ಬಿತ್ತು. ಕಾಕನಿಗೆ ಖುಷಿಯೋ ಖುಷಿ. ಬಿದ್ದ ಲಗ್ಗನ್ನು ಹಿಡಿದುಕೊಂಡು ಅಳಿಯನ ಮುಂದೆ ನಿಂತರು. "ನೋಡು, ನಿನ್ನ ಹಡಗು ಮುಳುಗಿತು!"

ಅಳಿಯ ಲಗ್ಗನ್ನು ಹಿಂದೆ ಮುಂದೆ ನೋಡಿದ. ವಯರಿನ ತುದಿಯನ್ನು ಉಗುರಿನಿಂದ ಕೆರೆದ. "ಮಾವ, ಒತ್ತುವ ಮೊದಲು ವಯರನ್ನು ಸೋಲ್ಡರಿನಲ್ಲಿ ಅದ್ದಿದ್ದೀರಾ?"

"ಅದ್ದದೆ ಮತ್ತೆ? ಬತ್ತಲೆ ತಾಮ್ರವನ್ನು ಹಾಗೇ ಹಾಕುವುದಾ? ಎಳೆ ಎಲ್ಲ ಕೆದರಿ ಭೂತದ ಕೂದಲಿನ ಹಾಗೆ ಇರ್ತದೆ!"

ಅಳಿಯ ನಗಲಿಲ್ಲ, ಅದು ಅವನ ದೊಡ್ಡ ಗುಣ. ನಾನು ತಡೆಯಲಾರದೆ ಹೊರಗೆ ಹೋಗಿ ನಕ್ಕು ಬಂದೆ. ಸೋಲ್ಡರ್ ಮೆತ್ತಗಿನ ಲೋಹ, ಒತ್ತಡದಲ್ಲಿ ಮೆಲ್ಲಗೆ ಜರಗಿ ಜಾಗ ಬಿಡುತ್ತದೆ, ಹಿಡಿತ ಸಡಿಲವಾಗುತ್ತದೆ. ಒತ್ತುವುದಿದ್ದರೆ ತಾಮ್ರವನ್ನು ತಾಮ್ರಕ್ಕೇ ಒತ್ತಬೇಕು ಎಂದು ಅಳಿಯ ಹೇಳಿದ. ಆ ಹಿಂದಿನ ನಲುವತ್ತು ವರ್ಷವೂ ವಯರಿನ ತುದಿ ಕಂಡ ಕೂಡಲೇ ಅದನ್ನು ಅದ್ದಿದ ಕೈ ಅದು. ಕೆಟ್ಟ ಕೆಲಸಗಾರ ಈ ತಪ್ಪನ್ನು ಮಾಡುವುದೇ ಇಲ್ಲ, ಅವನಿಗೆ ಅಷ್ಟು ತಾಳ್ಮೆ ಎಲ್ಲಿಂದ! ಮರುದಿನ ಹೋದಾಗ ನೋಡಿದೆ, ಕಾಕ ಎಡಗೈಯಲ್ಲಿ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡು ಕೂತಿದ್ದರು. "ಎಂತ ಕಾಕ, ನೋವಾ?" ಎಂದೆ. "ನೋವಲ್ಲ. ಇದು ಬೆಸುಗೆ ಕಡ್ಡಿಯ ಹತ್ತಿರ ಹೋಗ್ತಾ ಉಂಟು. ನನ್ನ ಮಾತು ಕೇಳುವುದಿಲ್ಲ."

ಆಮೇಲೆ ಬತ್ತಲೆ ತಾಮ್ರವನ್ನೇ ಒತ್ತಿ ಕಟ್ಟಿದ ಲಗ್ಗು ಗಿರಣಿಯ ಮೋಟಾರಿನ ಮೇಲೆ ಆ ಮಳೆಗಾಲ ಮುಗಿದರೂ ಅಲ್ಲಾಡಲಿಲ್ಲ. ಕಾಕ ಅದನ್ನು ಬಿಚ್ಚಿ ತಂದರು. ಗರಗಸದಲ್ಲಿ ಅಡ್ಡ ಕೊಯ್ದು ನೋಡಿದರು. ಒಳಗೆ ಎಳೆಗಳು ಒಂದಕ್ಕೊಂದು ಒತ್ತಿಕೊಂಡು, ನಡುವೆ ಸಂದಿಯೇ ಇಲ್ಲದೆ ಒಂದೇ ತುಂಡಾಗಿದ್ದವು. ಕಾಕ ಅದನ್ನು ತುಂಬ ಹೊತ್ತು ನೋಡಿದರು. ಆಮೇಲೆ ನನ್ನ ಕೈಗೆ ಕೊಟ್ಟು, "ಚಂದ ಉಂಟು" ಎಂದರು. ಅವರ ಬಾಯಿಂದ ಬೇರೆಯವರ ಕೆಲಸಕ್ಕೆ ಆ ಮಾತು ಬಂದದ್ದು ನಾನು ಕೇಳಿದ್ದು ಅದೊಂದೇ ಸಲ.

ಇಷ್ಟಕ್ಕೇ ನಿಂತಿದ್ದರೆ ಕಾಕ ಹೊಸ ಕೆಲಸ ಕಲಿತರು ಎಂದು ಹೇಳಿ ನಾನು ಮುಗಿಸುತ್ತಿದ್ದೆ. ಅವರು ಆಮೇಲೆ ಮಾಡಿದ್ದನ್ನು ಮಾಡುವ ಎದೆ ನನಗಂತೂ ಇಲ್ಲ. ಡ್ರೈವರುಗಳ ವಾಟ್ಸಾಪ್ ಗುಂಪೊಂದಿದೆ, ಎಲ್ಲಿ ರಸ್ತೆ ಬಂದ್, ಎಲ್ಲಿ ಮರ ಬಿದ್ದಿದೆ ಎಂದು ಹಾಕುವುದಕ್ಕೆ. ಅದಕ್ಕೆ ಕಾಕನ ಧ್ವನಿ ಬಂತು. ನನ್ನ ಫೋನಿನಲ್ಲಿ ಇನ್ನೂ ಇದೆ.

"ಅಸ್ಸಲಾಮು ಅಲೈಕುಂ, ಎಲ್ಲರಿಗೂ ನಮಸ್ಕಾರ. ನಾನು ಪಾಣೆಮಂಗಳೂರಿನ ವಯರಿಂಗ್ ಕಾಕ ಮಾತಾಡುವುದು. ನಾನು ನಿಮ್ಮ ಗಾಡಿಗಳ ಬ್ಯಾಟರಿ ವಯರಿಗೆ ಹಾಕಿದ ಸೋಲ್ಡರ್ ಸರಿ ಇಲ್ಲ. ಹೊರಗಿಂದ ಚಂದ ಕಾಣ್ತದೆ, ಒಳಗೆ ತುಂಡಾಗ್ತದೆ. ಗಾಡಿ ತನ್ನಿ, ಬದಲು ಮಾಡಿ ಕೊಡ್ತೇನೆ. ನಾಳೆ ನಾಡಿದ್ದು ಅಂತ ಹೇಳಬೇಡಿ, ಮಾರಾಯರೇ."

ಊರಲ್ಲಿ ನಗೆಪಾಟಲಾಯಿತು. ಜಂಬದ ಕಾಕನಿಗೆ ಕೊನೆಗೂ ತಟ್ಟಿತು ಎಂದು ಕೆಲವರು ಚಪ್ಪಾಳೆ ತಟ್ಟಿದರು. ಇಷ್ಟು ವರ್ಷ ನಮಗೆ ಹಾಳು ಕೆಲಸ ಮಾಡಿ ಕೊಟ್ಟದ್ದಾ ಎಂದು ಕೆಲವರು ಅಂಗಡಿ ಬಾಗಿಲಲ್ಲೇ ಕೂಗಾಡಿದರು. ಕಾಕ ಟೂಲು ಹಿಡಿದು ಅವರ ಗಾಡಿಯ ಹತ್ತಿರ ಹೋದರು. "ಯಾಕೆ ಕಾಕ ಡಂಗುರ ಹೊಡೆದಿರಿ? ಬಂದವರಿಗೆ ಸುಮ್ಮನೆ ಬದಲು ಮಾಡಿ ಕೊಟ್ಟರೆ ಸಾಕಿತ್ತಲ್ಲ!" ಎಂದೆ.

"ಬಾರದವರ ಗಾಡಿಯಲ್ಲಿ ಮಗು ಇದ್ದರೆ?" ಎಂದರು.

ನಿಜವಾಗಿ ಕಷ್ಟ ಕೊಟ್ಟವರು ಬೈದವರಲ್ಲ, ನಂಬಿದವರು. "ಕಾಕ, ಸರಿಯಾಗಿ ಓಡ್ತಾ ಉಂಟು, ನೀವು ಸುಮ್ಮನಿರಿ" ಎಂದು ಬರದೇ ಹೋದರು. ಅವರಿಗೆ ಕಾಕನ ಬೆಸುಗೆಯ ಮೇಲೆ ಕಾಕನಿಗಿಂತ ಹೆಚ್ಚು ಭರವಸೆ. ಆಗ ಕಾಕ ಅಂಗಡಿಯಲ್ಲಿ ರಸ್ತೆಗೆ ಮುಖ ಮಾಡಿ ಕೂರಲು ಶುರು ಮಾಡಿದರು. ಗುರುತಿನ ಹಾರ್ನ್ ಕೇಳಿದ ಕೂಡಲೇ ಎದ್ದು ಹೋಗಿ ರಸ್ತೆಯ ನಡುವೆ ನಿಲ್ಲುತ್ತಿದ್ದರು. ಒಮ್ಮೆ ಮೂಡುಬಿದಿರೆಯ ಬಸ್ಸನ್ನು ಹಾಗೆ ತಡೆದಾಗ ನಾನು ಅದರ ಹಿಂದೆಯೇ ಇದ್ದೆ.

"ಕಾಕ, ಟೈಮಿಂಗ್ ಉಂಟು! ಹಿಂದಿನ ಬಸ್ಸು ಬಂದರೆ ಜನ ಎಲ್ಲ ಅವನಿಗೆ!" ಎಂದು ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತ ಬೊಬ್ಬೆ ಹೊಡೆದ.

"ಈಗ ತಡವಾದರೆ ನಿನ್ನ ಧಣಿ ನಿನ್ನನ್ನು ಬೈತಾರೆ. ಗುಡ್ಡೆಯಲ್ಲಿ ವಯರು ತುಂಡಾಗಿ ಕಿಡಿ ಹಾರಿ ಬೆಂಕಿ ಬಿದ್ದರೆ ಯಾರನ್ನು ಬೈತಾರೆ, ಹೇಳು?"

ಕಿಟಕಿಯಿಂದ ತಲೆ ಹಾಕಿದ ಮೀನು ಮಾರುವ ಹೆಂಗಸೊಬ್ಬಳು, "ಏ ಡ್ರೈವರಣ್ಣ, ಇಳಿ ಮಾರಾಯ! ಅವರಿಗೆ ಹುಚ್ಚು ಹಿಡಿದದ್ದಲ್ಲ, ಏನೋ ಉಂಟು" ಎಂದಳು. ಡ್ರೈವರ್ ಎಂಜಿನ್ ನಿಲ್ಲಿಸಿದ. ಕಾಕ ಬ್ಯಾಟರಿಯ ಮುಚ್ಚಳ ತೆಗೆದು, ತನ್ನದೇ ಕನ್ನಡಿಯಂಥ ಬೆಸುಗೆಯನ್ನು ಕಟಕ್ಕೆಂದು ಕತ್ತರಿಸಿದರು. ಹೊಸ ಲಗ್ಗು ಸಿಕ್ಕಿಸಿ ಟೂಲಿನ ಹಿಡಿಗಳನ್ನು ಮೈಭಾರ ಹಾಕಿ ಒತ್ತಿದರು. ಆಮೇಲೆ ಬಂಪರಿಗೆ ಒಂದು ಕಾಲು ಕೊಟ್ಟು ವಯರನ್ನು ಎರಡು ಕೈಯಲ್ಲಿ ಹಿಡಿದು ಎಳೆದರು. ಪ್ರತಿಯೊಂದನ್ನೂ ಹಾಗೆ ಎಳೆಯುತ್ತಿದ್ದರು. "ಕೆಲಸ ಮಾಡಿದವನ ಹಾಗೆ ಎಳೆಯಬಾರದು. ಅವನ ವೈರಿಯ ಹಾಗೆ ಎಳೆಯಬೇಕು" ಎಂದು ನನಗೆ ಹೇಳಿಕೊಟ್ಟವರು ಅವರು. ಕತ್ತರಿಸಿದ ಬೆಸುಗೆಯನ್ನು ಅಂಗಿಯ ಕಿಸೆಗೆ ಹಾಕಿಕೊಂಡು ಬಸ್ಸಿಗೆ ದಾರಿ ಬಿಟ್ಟರು. ಆ ಕಿಸೆ ಯಾವಾಗಲೂ ಜೋತುಬಿದ್ದಿರುತ್ತಿತ್ತು.

ಕೊನೆಗೆ ಒಂದು ಜೀಪು ಉಳಿಯಿತು. ಚಾರ್ಮಾಡಿಯ ಕಡೆ ಬಾಡಿಗೆಗೆ ಓಡುತ್ತಿದ್ದದ್ದು, ಯಾರಿಗೋ ಮಾರಿಹೋಗಿತ್ತು. ಅದರ ಹಾರ್ನ್ ಕೇಳದೆ ವರ್ಷಗಳಾಗಿದ್ದವು. ಕಾಕನಿಗೆ ಅದೇ ಚಿಂತೆ. ಘಟ್ಟದ ಬದಿಯ ಗಾಡಿ, ಕುಲುಕಾಟವೂ ಜಾಸ್ತಿ. ವಿಚಾರಿಸಿದಾಗ ಕಕ್ಕಿಂಜೆಯಲ್ಲಿ ಇದೆ ಎಂದು ತಿಳಿಯಿತು. ಬಾಡಿಗೆ ಇಲ್ಲದ ಒಂದು ಮಧ್ಯಾಹ್ನ ನಾನೇ ಅವರನ್ನು ಕೂರಿಸಿಕೊಂಡು ಹೋದೆ. ದಾರಿಯಲ್ಲಿ, ಆಂಬ್ಯುಲೆನ್ಸಿನಲ್ಲಿ ಕೂತು ಹೋಗುವ ಭಾಗ್ಯ ಎಷ್ಟು ಜನರಿಗುಂಟು ಎಂದು ತಮಾಷೆ ಮಾಡಿದರು. ಜೀಪು ಸಿಕ್ಕಿತು, ಒಂದು ಮನೆಯ ಹಿತ್ತಿಲಲ್ಲಿ, ಚಕ್ರವಿಲ್ಲದೆ, ಕಲ್ಲಿನ ಮೇಲೆ. ಡ್ರೈವರ್ ಸೀಟಿನಲ್ಲಿ ಕಾವು ಕೂತ ಕೋಳಿ.

ನಾನು ಹೊಟ್ಟೆ ಹಿಡಿದು ನಕ್ಕೆ. "ಬನ್ನಿ ಕಾಕ, ಹೋಗುವ. ಈ ಡ್ರೈವರಿಗೆ ಏನೂ ಅಪಾಯ ಇಲ್ಲ."

ಕಾಕ ಬಾನೆಟ್ಟು ಎತ್ತಿ ಆಗಿತ್ತು. "ಓಡದ ಗಾಡಿಗೆ ಯಾಕೆ ಕಾಕ?" ಎಂದೆ.

"ಗಾಡಿ ಓಡುವುದಿಲ್ಲ. ವಯರು ಒಳ್ಳೆಯದುಂಟು. ನಾಳೆ ಯಾರಾದರೂ ಇದನ್ನು ಬಿಚ್ಚಿ ಬೇರೆ ಗಾಡಿಗೆ ಹಾಕಿದರೆ?" ಎಂದು ಕತ್ತರಿಸಿದರು. ಕೋಳಿ ಕೊಕ್ಕೊಕ್ಕೋ ಎಂದು ಬೊಬ್ಬೆ ಹಾಕಿತು. ನನ್ನ ನಗು ಅಲ್ಲಿಗೇ ನಿಂತಿತು. ಅವರು ಲಗ್ಗು ಒತ್ತಿ, ವಯರನ್ನು ಎಳೆದು ನೋಡಿ, ಬಾನೆಟ್ಟನ್ನು ಕೋಳಿಗೆ ಹೆದರಿಕೆಯಾಗದಂತೆ ಮೆಲ್ಲಗೆ ಇಳಿಸಿದರು.

ಸೋಲ್ಡರನ್ನು ಪೂರ್ತಿ ಬಿಟ್ಟರೆಂದಲ್ಲ. ಮಸೀದಿಯ ಮೈಕಿನ ಪೆಟ್ಟಿಗೆ, ಹಳೆಯ ರೇಡಿಯೋ, ಅಂಥದ್ದು ಬಂದರೆ ರಾಳ ಹೊರಗೆ ಬರುತ್ತಿತ್ತು. "ಅಲುಗದ ಕಡೆ ಇದು, ಅಲುಗುವ ಕಡೆ ಅದು. ಇಷ್ಟು ತಿಳಿಯಲಿಕ್ಕೆ ನನಗೆ ತಲೆ ಹಣ್ಣಾಗಬೇಕಾಯ್ತು" ಎನ್ನುತ್ತಿದ್ದರು. ಆದರೆ ಅಂಥ ಕೆಲಸ ಅಪರೂಪ. ಒಂದು ದಿನ ಅಂಗಡಿಗೆ ಹೋದಾಗ ಹೆಬ್ಬೆರಳನ್ನು ನನ್ನ ಮೂಗಿನ ಹತ್ತಿರ ಹಿಡಿದರು. "ರೇಷನ್ ಅಂಗಡಿಯಲ್ಲಿ ಹಸಿರು ದೀಪ ಬಂತು!" ನೋಡಿದೆ. ನುಣ್ಣಗಿದ್ದ ಚರ್ಮದ ಮೇಲೆ ಸಣ್ಣ ಸಣ್ಣ ಗೆರೆಗಳು ಮೂಡಿದ್ದವು. "ಒಳ್ಳೆಯದಾಯ್ತಲ್ಲ ಕಾಕ" ಎಂದೆ. ಅವರು ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. "ಆಯ್ತು. ಈಗ ಎಲ್ಲರ ಬೆರಳಿನ ಹಾಗೆ ಉಂಟು" ಎಂದರು. ಆ ಸ್ವರ ಕೇಳಿ ನನಗೆ ತುಂಬ ಬೇಜಾರಾಯಿತು, ಹೋಗಿ ಎರಡು ಚಾ ಹೇಳಿದೆ.

ಕಳೆದ ವರ್ಷ ಅವರ ಉಸಿರು ಕೈಕೊಟ್ಟಿತು. ಅಷ್ಟು ವರ್ಷ ಕುಡಿದ ರಾಳದ ಹೊಗೆಯೋ, ಏನೋ. ಅಳಿಯ ಫೋನ್ ಮಾಡಿದ ಕೂಡಲೇ ಗಾಡಿ ತೆಗೆದುಕೊಂಡು ಹೋದೆ. ಬೆಂಚಿನಲ್ಲಿ ಮಲಗಿಸಿ, ಆಮ್ಲಜನಕದ ಯಂತ್ರವನ್ನು ಇನ್ವರ್ಟರಿಗೆ ಹಾಕಿ, ಮುಖಕ್ಕೆ ಮಾಸ್ಕ್ ಕೊಟ್ಟೆವು. ಕೆಂಪು ವಯರು ಅವರ ಭುಜದ ಪಕ್ಕದಲ್ಲೇ ಗೋಡೆ ಹತ್ತಿತ್ತು. ಪುಂಜಾಲಕಟ್ಟೆಯ ಮಗುವಿನ ದಿನದ ನಂತರ ಆ ವಯರಿನ ಲಗ್ಗು ಒತ್ತಿದವರೂ ಅವರೇ. ಗಾಡಿ ಹೊರಟಾಗ ನಾನು ಹಿಂದಿನ ಕನ್ನಡಿಯಲ್ಲಿ ನೋಡುತ್ತಲೇ ಇದ್ದೆ. ರಸ್ತೆಯ ಮೇಲೆ ಕಣ್ಣಿಡುವುದು ಬಿಟ್ಟು ಹಾಗೆ ನೋಡಬಾರದು, ಆದರೂ ನೋಡಿದೆ. ಕಾಕ ಹಸಿರು ದೀಪವನ್ನು ನೋಡುತ್ತಿದ್ದರು. ಆಮೇಲೆ ಮೆಲ್ಲಗೆ ಕೈ ಎತ್ತಿ, ಆ ಹೆಬ್ಬೆರಳು ತೋರುಬೆರಳುಗಳಲ್ಲಿ ಕೆಂಪು ವಯರನ್ನು ಹಿಡಿದು, ಇದ್ದಷ್ಟು ಬಲ ಹಾಕಿ ಎಳೆದರು.

"ಕೈಗೆ ಬಂತಾ ಮಾವ?" ಎಂದ ಪಕ್ಕದಲ್ಲಿ ಕೂತ ಅಳಿಯ.

ಕಾಕ ಮಾಸ್ಕಿನೊಳಗಿಂದಲೇ ಇಲ್ಲವೆಂದು ತಲೆಯಾಡಿಸಿದರು. ನಕ್ಕರು ಎಂದು ನನಗೆ ಕಂಡಿತು. ದೀಪ ಮಂಗಳೂರಿನ ತನಕ ಒಮ್ಮೆಯೂ ಮಿಣುಕಲಿಲ್ಲ.

ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದರು. ಆಮೇಲೆ ಅವರನ್ನು ಬಿಳಿ ಬಟ್ಟೆ ಹೊದಿಸಿ ಪಾಣೆಮಂಗಳೂರಿಗೆ ತಂದದ್ದೂ ನನ್ನ ಗಾಡಿಯಲ್ಲೇ. ಸೇತುವೆ ದಾಟುವಾಗ ಹಾರ್ನ್ ಒತ್ತಲು ಕೈ ಹೋಯಿತು, ಒತ್ತಲಿಲ್ಲ. ಆ ದಿನ ಇನ್ವರ್ಟರ್ ಹಾಕುವ ಅಗತ್ಯವೂ ಇರಲಿಲ್ಲ, ಹಿಂದೆ ಯಾವ ಯಂತ್ರವೂ ಓಡುತ್ತಿರಲಿಲ್ಲ. ಆದರೂ ಆಸ್ಪತ್ರೆಯ ಅಂಗಳದಲ್ಲಿ, ಹೊರಡುವ ಮೊದಲು, ನಾನು ಬೆಂಚಿನ ಪಕ್ಕ ಮೊಣಕಾಲೂರಿ ಆ ವಯರನ್ನು ಎರಡು ಕೈಯಲ್ಲಿ ಹಿಡಿದು ಎಳೆದು ನೋಡಿದೆ.